ಒಂದು ಬಿಟ್ ಪ್ರೊಸೆಸರ್ ಬೋರ್ಡ್ ಮೊಂಡು ಹಿಡಿದಾಗ: ಎಂಸಿ14500ಬಿ ದೋಷ ನಿವಾರಣೆ ಕೈಪಿಡಿ

ಮೋಟರೋಲಾ ಕಂಪನಿಯ ಎಂಸಿ14500ಬಿ 1977ರ ಚಿಪ್. ಹದಿನಾರು ಪಿನ್, ಹದಿನಾರು ಆದೇಶ, ಒಂದೇ ಒಂದು ಬಿಟ್‌ನ ಡೇಟಾ ತಂತಿ. ರಿಲೇಗಳನ್ನು ಜೋಡಿಸಿ ಕಟ್ಟುತ್ತಿದ್ದ ಕಂಟ್ರೋಲ್ ಪ್ಯಾನೆಲ್‌ಗಳ ಜಾಗದಲ್ಲಿ ಕೂರಿಸಲೆಂದೇ ಮಾಡಿದ್ದು. ಗುಂಡಿ ಒತ್ತಿದೆಯೋ ಇಲ್ಲವೋ, ಮೋಟಾರು ಓಡಬೇಕೋ ನಿಲ್ಲಬೇಕೋ ಎಂಬ ಹೌದು-ಇಲ್ಲಗಳ ಲೆಕ್ಕಕ್ಕೆ ಒಂದು ಬಿಟ್ ಸಾಕು. ಒಂದು ಬಿಟ್ ಪ್ರೊಸೆಸರ್‌ಗಳನ್ನು ಸಾವಿರಗಟ್ಟಲೆ ಸೇರಿಸಿ ಕಟ್ಟಿದ ದೈತ್ಯ ಯಂತ್ರಗಳೂ ಇದ್ದವು: ಐಸಿಎಲ್‌ನ ಡಿಎಪಿಯಲ್ಲಿ 4096, ಗುಡ್‌ಇಯರ್ ಏರೋಸ್ಪೇಸ್‌ನ ಎಂಪಿಪಿಯಲ್ಲಿ 16,384, ಕನೆಕ್ಷನ್ ಮೆಷೀನ್ ಸಿಎಂ-1ರಲ್ಲಿ 65,536. ಅವುಗಳ ಮಾತು ಬೇರೆ. ಇಲ್ಲಿರುವುದು ಮೇಜಿನ ಮೇಲೆ ಕಟ್ಟಿದ ಬೋರ್ಡು ಮತ್ತು ಅದು ಕೈಕೊಡುವ ಬಗೆಗಳು.

ಬೋರ್ಡು ನಡೆಯದಿದ್ದರೆ ಎಲ್ಲರಿಗೂ ಮೊದಲು ಅನುಮಾನ ಬರುವುದು ಪ್ರೊಸೆಸರ್ ಮೇಲೆ. ಅದು ಹಳೆಯದು, ಸುಲಭವಾಗಿ ಸಿಗದು, ಸುಟ್ಟಿರಬಹುದು ಎಂಬ ಅಂಜಿಕೆ. ಆದರೆ ಈ ಚಿಪ್‌ನೊಳಗೆ ಕೆಡುವಂಥದ್ದು ಕಡಿಮೆ. ಮುಂದಿನ ಆದೇಶದ ವಿಳಾಸ ಎಣಿಸುವ ಪ್ರೋಗ್ರಾಂ ಕೌಂಟರ್ ಕೂಡ ಇದರಲ್ಲಿಲ್ಲ; ವಿಳಾಸ, ಮೆಮೊರಿ, ಇನ್‌ಪುಟ್, ಔಟ್‌ಪುಟ್ ಎಲ್ಲವೂ ಹೊರಗೆ. ಹಾಗಾಗಿ ತಪ್ಪೂ ಹೆಚ್ಚಾಗಿ ಹೊರಗೇ ಇರುತ್ತದೆ, ಅದರಲ್ಲೂ 3ನೇ ಪಿನ್ನಿನ ಡೇಟಾ ತಂತಿಯ ಸುತ್ತಮುತ್ತ. ಆ ತಂತಿಯನ್ನು ಯಾವ ಗಳಿಗೆಯಲ್ಲಿ ಯಾರು ಹಿಡಿದಿದ್ದಾರೆ ಎಂದು ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಯಾವ ಬೋರ್ಡು

ವಿವರಗಳು ಈ ಜೋಡಣೆಗೆ: 5 ವೋಲ್ಟ್ ಸಪ್ಲೈ, ಪ್ರೋಗ್ರಾಂ ಕೌಂಟರ್ ಆಗಿ ಎರಡು ಸಿಡಿ4516, ಪ್ರೋಗ್ರಾಂಗೆ 28ಸಿ16 ಇಇಪಿರಾಮ್, ಮೇಲಿನ ನಾಲ್ಕು ಬಿಟ್ ಆದೇಶ, ಕೆಳಗಿನ ಮೂರು ಬಿಟ್ ಇನ್‌ಪುಟ್-ಔಟ್‌ಪುಟ್ ವಿಳಾಸ, ಇನ್‌ಪುಟ್‌ಗೆ ಒಂದು ಎಂಸಿ14512 ಸೆಲೆಕ್ಟರ್ (ಎಂಟು ಇನ್‌ಪುಟ್‌ಗಳಲ್ಲಿ ಒಂದನ್ನು ಆರಿಸುವ ಚಿಪ್), ಔಟ್‌ಪುಟ್‌ಗೆ ಒಂದು ಸಿಡಿ4099 ವಿಳಾಸ ಲ್ಯಾಚ್ (ಬರೆದ ಬಿಟ್ಟನ್ನು ಹಿಡಿದಿಡುವ ಚಿಪ್), ಅದರಿಂದ ಯುಎಲ್‌ಎನ್2003ಎ ಮೂಲಕ ರಿಲೇಗಳು. ಸೆಲೆಕ್ಟರ್‌ನ 0ನೇ ಇನ್‌ಪುಟ್‌ಗೆ ಪ್ರೊಸೆಸರ್‌ನ ಆರ್‌ಆರ್ ಪಿನ್, ಅಂದರೆ 15ನೇ ಪಿನ್ ಬಂದು ಸೇರಿರುತ್ತದೆ. ಆರ್‌ಆರ್ ಎಂದರೆ ಪ್ರತಿ ಲೆಕ್ಕದ ಫಲಿತಾಂಶ ಕೂರುವ, ಒಂದೇ ಬಿಟ್‌ನ ರಿಜಿಸ್ಟರ್.

ಆದೇಶಗಳ ಸಂಖ್ಯೆ ಕೈಯಳತೆಯಲ್ಲಿರಲಿ. 0 ನಾಪ್‌ಓ, 1 ಎಲ್‌ಡಿ, 2 ಎಲ್‌ಡಿಸಿ, 3 ಆಂಡ್, 4 ಆಂಡ್‌ಸಿ, 5 ಓಆರ್, 6 ಓಆರ್‌ಸಿ, 7 ಎಕ್ಸ್‌ನಾರ್, 8 ಸ್ಟೋ, 9 ಸ್ಟೋಸಿ, 10 ಐಇಎನ್, 11 ಓಇಎನ್, 12 ಜಂಪ್, 13 ಆರ್‌ಟಿಎನ್, 14 ಎಸ್‌ಕೆಜೆಡ್, 15 ನಾಪ್‌ಎಫ್. ಕೊನೆಗೆ ‘ಸಿ’ ಇದ್ದರೆ ಬಿಟ್ಟನ್ನು ತಿರುಗುಮುರುಗು ಮಾಡುತ್ತದೆ ಎಂದು ಅರ್ಥ. ಎಲ್‌ಡಿ ಡೇಟಾವನ್ನು ಆರ್‌ಆರ್‌ಗೆ ಓದುತ್ತದೆ, ಸ್ಟೋ ಆರ್‌ಆರ್‌ನಲ್ಲಿರುವುದನ್ನು ಹೊರಗೆ ಬರೆಯುತ್ತದೆ, ಎಸ್‌ಕೆಜೆಡ್ ಆರ್‌ಆರ್ ಸೊನ್ನೆಯಿದ್ದರೆ ಮುಂದಿನ ಆದೇಶವನ್ನು ಹಾರಿಸುತ್ತದೆ. ಜಂಪ್, ಆರ್‌ಟಿಎನ್, ನಾಪ್‌ಓ, ನಾಪ್‌ಎಫ್ ತಮ್ಮ ತಮ್ಮ ಪಿನ್ ಎತ್ತುತ್ತವೆ. ಐಇಎನ್, ಓಇಎನ್ ಮಾತು ಮುಂದೆ ಬರುತ್ತದೆ.

ಮೊದಲ ಹೆಜ್ಜೆ: ಕ್ಲಾಕ್ ನಿಧಾನ ಮಾಡಿ

ಈ ಚಿಪ್ ಸೊನ್ನೆ ಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್‌ವರೆಗೆ ಯಾವ ವೇಗಕ್ಕೂ ಒಗ್ಗುತ್ತದೆ. ಕ್ಲಾಕ್ ನಿಲ್ಲಿಸಿದರೂ ಒಳಗಿನ ಬಿಟ್‌ಗಳು ಮರೆತುಹೋಗುವುದಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷಾ ಸಾಧನ ಬೇರೆ ಇಲ್ಲ. 13 ಮತ್ತು 14ನೇ ಪಿನ್‌ಗಳ ನಡುವಿನ ಆಸಿಲೇಟರ್ ರೆಸಿಸ್ಟರ್ ಕಿತ್ತು, 13ನೇ ಪಿನ್ನಿಗೆ (ಎಕ್ಸ್2) ಒಂದು ಒತ್ತುಗುಂಡಿಯ ಕ್ಲಾಕ್ ಕೊಡಿ. ಗುಂಡಿಯ ಅದುರು ನಿಲ್ಲಿಸಲು 100 ಕಿಲೋಓಮ್, 0.1 ಮೈಕ್ರೋಫ್ಯಾರಡ್ ಹಾಕಿ ಸಿಡಿ40106 ಷ್ಮಿಟ್ ಇನ್ವರ್ಟರ್ ಮೂಲಕ ಹಾಯಿಸಿ. ಈ ಗೇಟ್ ಬಿಟ್ಟರೆ ಒಂದು ಒತ್ತಿಗೆ ಏಳೆಂಟು ಆದೇಶ ಓಡಿಹೋಗಿ, ಇಲ್ಲದ ದೋಷ ಹುಡುಕುತ್ತ ಕೂರಬೇಕಾಗುತ್ತದೆ.

ಏರಿಳಿತವನ್ನು ಯಾವಾಗಲೂ 14ನೇ ಪಿನ್ನಿನಲ್ಲಿ (ಎಕ್ಸ್1) ನೋಡಿ, ಗುಂಡಿಯ ಹತ್ತಿರ ಅಲ್ಲ. ಎಕ್ಸ್1 ಏರಿದಾಗ ಕೌಂಟರ್ ಮುಂದಿನ ವಿಳಾಸಕ್ಕೆ ಹೋಗುತ್ತದೆ. ಎಕ್ಸ್1 ಇಳಿದಾಗ ಪ್ರೊಸೆಸರ್ ಆದೇಶವನ್ನು ಹಿಡಿದುಕೊಳ್ಳುತ್ತದೆ. ಇಳಿದಿರುವ ಅರ್ಧದಲ್ಲಿ ಕೆಲಸ ನಡೆಯುತ್ತದೆ. ಈ ಮೂರು ವಾಕ್ಯ ಬರೆದು ಮೇಜಿನ ಮೇಲೆ ಅಂಟಿಸಿಕೊಂಡರೂ ತಪ್ಪಿಲ್ಲ.

ಬೋರ್ಡು ಒತ್ತುಗುಂಡಿಯಲ್ಲಿ ಸರಿಯಾಗಿ ನಡೆದು ಪೂರ್ಣ ವೇಗದಲ್ಲಿ ಮಾತ್ರ ಕೆಟ್ಟರೆ, ಅದು ಸಮಯದ ದೋಷ. ನಿಧಾನದಲ್ಲೂ ಕೆಟ್ಟರೆ ತಂತಿಯ ಅಥವಾ ಪ್ರೋಗ್ರಾಂನ ದೋಷ. ಈ ಒಂದು ವಿಂಗಡಣೆ ಅರ್ಧ ದಿನದ ಶ್ರಮ ಉಳಿಸುತ್ತದೆ.

ಸಪ್ಲೈ, ರೀಸೆಟ್

16ನೇ ಪಿನ್ನಿನಲ್ಲಿ 4.75ರಿಂದ 5.25 ವೋಲ್ಟ್, 8ನೇ ಪಿನ್ನಿನಲ್ಲಿ ಗ್ರೌಂಡ್. ಅಳತೆಯನ್ನು ಚಿಪ್‌ನ ಕಾಲಿನ ಮೇಲೆಯೇ ಮಾಡಿ, ಸಾಕೆಟ್‌ನ ಸಾಲ್ಡರ್ ಮೇಲೆ ಅಲ್ಲ. ಹಳೆಯ ಸಾಕೆಟ್‌ನ ಹಿಡಿತ ಸಡಿಲವಾಗಿದ್ದರೆ ಎರಡೂ ಕಡೆ ಬೇರೆ ಬೇರೆ ಬರುತ್ತದೆ. ಪ್ರತಿ ಚಿಪ್ ಪಕ್ಕ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಇರಲೇಬೇಕು. ಸಪ್ಲೈ ತಂತಿ ಕಿತ್ತ ಮೇಲೂ ಎಲ್‌ಇಡಿ ಮಂಕಾಗಿ ಉರಿಯುತ್ತಿದ್ದರೆ, ಯಾವುದೋ ಇನ್‌ಪುಟ್‌ನಿಂದ ಬಂದ ವೋಲ್ಟೇಜು ಸಿಮಾಸ್ ಚಿಪ್‌ನ ರಕ್ಷಣಾ ಡಯೋಡ್ ಮೂಲಕ ನುಸುಳಿ ಇಡೀ ಬೋರ್ಡಿಗೆ ಕರೆಂಟು ಕೊಡುತ್ತಿದೆ ಎಂದರ್ಥ. ಹಾಗೆ ಬಿಟ್ಟರೆ ಲ್ಯಾಚ್-ಅಪ್ ಆಗಿ, ಅಂದರೆ ಒಳಗೇ ಶಾರ್ಟ್ ಆದಂತೆ ಕರೆಂಟು ಹರಿದು, ಚಿಪ್ ಬಿಸಿಯಾಗಿ ಸಾಯುತ್ತದೆ. ಹೊರಗಿನ ಇನ್‌ಪುಟ್‌ಗಳಿಗೆ ಆಪ್ಟೋಕಪ್ಲರ್ ಹಾಕಿದರೆ ಈ ತೊಂದರೆ ಇಲ್ಲ.

1ನೇ ಪಿನ್ನಿನ ರೀಸೆಟ್ ಮೇಲಿದ್ದಾಗ ಕೆಲಸ ಮಾಡುವಂಥದ್ದು. ಕೆಳಗಿದ್ದಾಗ ಕೆಲಸ ಮಾಡುವ ರೀಸೆಟ್ ರೂಢಿಯಾದವರು ಇಲ್ಲಿ ಎಡವುತ್ತಾರೆ: ಕೆಪಾಸಿಟರನ್ನು ಗ್ರೌಂಡಿಗೆ, ರೆಸಿಸ್ಟರನ್ನು ಸಪ್ಲೈಗೆ ಹಾಕುತ್ತಾರೆ. ಪ್ರೊಸೆಸರ್ ಶಾಶ್ವತವಾಗಿ ರೀಸೆಟ್‌ನಲ್ಲೇ ಉಳಿಯುತ್ತದೆ, ಆರ್‌ಆರ್ ಏಳುವುದೇ ಇಲ್ಲ. ಕೆಪಾಸಿಟರ್ (1 ಮೈಕ್ರೋಫ್ಯಾರಡ್) ಸಪ್ಲೈ ಕಡೆಗೆ, ರೆಸಿಸ್ಟರ್ (100 ಕಿಲೋಓಮ್) ಗ್ರೌಂಡ್ ಕಡೆಗೆ ಇರಬೇಕು. ನಡುವಿನಿಂದ ಎರಡು ಷ್ಮಿಟ್ ಇನ್ವರ್ಟರ್ ದಾಟಿಸಿದರೆ ಅಂಚು ಚುರುಕಾಗುತ್ತದೆ. ಅದೇ ರೀಸೆಟ್ ಸಿಡಿ4516ರ 9ನೇ ಪಿನ್ನಿಗೂ ಸಿಡಿ4099ರ 2ನೇ ಪಿನ್ನಿಗೂ ಹೋಗಲಿ. ಎರಡನೆಯದನ್ನು ಮರೆತರೆ, ಸ್ವಿಚ್ ಹಾಕಿದ ಕ್ಷಣ ರಿಲೇಗಳು ತಮಗೆ ತೋಚಿದಂತೆ ಕಟಕಟ ಎಂದು ಕೂರುತ್ತವೆ. ಕೆಳಗೆ ನಿಜವಾದ ಮೋಟಾರು ಇದ್ದರೆ ಇದು ತಮಾಷೆಯಲ್ಲ.

ಕೌಂಟರ್ ಮತ್ತು ಮೆಮೊರಿ

ಒಂದೊಂದೇ ಕ್ಲಾಕ್ ಕೊಡುತ್ತ ಕೌಂಟರ್‌ನ ನಾಲ್ಕು ಔಟ್‌ಪುಟ್ ನೋಡಿ: 6, 11, 14, 2ನೇ ಪಿನ್‌ಗಳು, ಕೆಳಬಿಟ್‌ನಿಂದ ಮೇಲ್ಬಿಟ್‌ಗೆ. ಎಣಿಕೆ ನಿಂತೇ ಇದ್ದರೆ 5ನೇ ಪಿನ್ (ಕ್ಯಾರಿ ಇನ್) ಗ್ರೌಂಡ್ ಆಗಿಲ್ಲ. ಹಿಂದಕ್ಕೆ ಎಣಿಸಿದರೆ 10ನೇ ಪಿನ್ ಸಪ್ಲೈಗೆ ಹೋಗಿಲ್ಲ. 15 ಆದ ಮೇಲೆ 16ಕ್ಕೆ ಹೋಗದೆ ಸೊನ್ನೆಗೆ ಬಂದರೆ, ಮೊದಲ ಚಿಪ್‌ನ 7ನೇ ಪಿನ್ನಿನಿಂದ ಎರಡನೆಯ ಚಿಪ್‌ನ 5ನೇ ಪಿನ್ನಿಗೆ ಹೋಗುವ ತಂತಿ ನೋಡಿ. 1ನೇ ಪಿನ್ (ಪ್ರಿಸೆಟ್) ತೇಲುತ್ತಿದ್ದರೆ, ಅಂದರೆ ಯಾವುದಕ್ಕೂ ಕಟ್ಟದೆ ಬಿಟ್ಟಿದ್ದರೆ, ಎಣಿಕೆ ಎಲ್ಲೆಂದರಲ್ಲಿ ಹಾರುತ್ತದೆ; ಬೆರಳು ಹತ್ತಿರ ತಂದರೆ ನಡವಳಿಕೆ ಬದಲಾಗುತ್ತದೆ.

28ಸಿ16ರ ಬರೆಯುವ ಪಿನ್, 21ನೆಯದು, ನೇರ ಸಪ್ಲೈಗೆ ಕಟ್ಟಿರಬೇಕು. ತೇಲುತ್ತಿದ್ದರೆ ಸ್ವಿಚ್ ಹಾಕಿ ತೆಗೆಯುವಾಗ ಪ್ರೋಗ್ರಾಂನ ಯಾವುದೋ ಬೈಟ್ ಅಳಿಸಿ ಬೇರೇನೋ ಕೂರುತ್ತದೆ. ‘ನಿನ್ನೆ ನಡೆಯುತ್ತಿತ್ತು, ಇವತ್ತು ಇಲ್ಲ’ ಎಂಬ ದೂರಿಗೆ ಇದೊಂದು ಕಾರಣ. ಬಳಸದ ಮೇಲಿನ ಮೂರು ವಿಳಾಸ ತಂತಿಗಳೂ ಗ್ರೌಂಡಿಗೆ ಹೋಗಬೇಕು. ಇಲ್ಲವಾದರೆ ಓದು ಖಾಲಿ ಭಾಗಕ್ಕೆ ಹೋಗುತ್ತದೆ. ಖಾಲಿ ಇಇಪಿರಾಮ್ ಎಲ್ಲ ಬಿಟ್ಟೂ ಒಂದು, ಅಂದರೆ ಆದೇಶ 15, ನಾಪ್‌ಎಫ್. ನಿಮ್ಮ ಪ್ರೋಗ್ರಾಂನಲ್ಲಿ ನಾಪ್‌ಎಫ್ ಇಲ್ಲದ ಜಾಗದಲ್ಲಿ ಪ್ರೊಸೆಸರ್‌ನ 9ನೇ ಪಿನ್ ಮೇಲೆದ್ದರೆ ಅದು ಖಾಲಿ ಮೆಮೊರಿ ಓದುತ್ತಿದೆ ಎಂದು ತಿಳಿಯಿರಿ.

ಇನ್ನೊಂದು ಸುಳಿವು ಪ್ರೊಸೆಸರ್‌ನ 11ನೇ ಪಿನ್ನಿನಲ್ಲಿದೆ, ಅದನ್ನು ಎತ್ತುವುದು ಆರ್‌ಟಿಎನ್. ಆದೇಶದ ಮೇಲ್ಬಿಟ್ 4ನೇ ಪಿನ್, ಕೆಳಬಿಟ್ 7ನೇ ಪಿನ್. ಎಷ್ಟೋ ಜನ ಇದನ್ನು ಉಲ್ಟಾ ಜೋಡಿಸುತ್ತಾರೆ. ಆಗ 0001 ಹೋಗಿ 1000 ಆಗುತ್ತದೆ, ಓದಬೇಕಾದಲ್ಲಿ ಬರೆಯುತ್ತದೆ. ಓಆರ್‌ಸಿ 0110, ಉಲ್ಟಾ ಮಾಡಿದರೂ 0110. ಸ್ಟೋಸಿ 1001 ಕೂಡ ಹಾಗೆಯೇ. ಹಾಗಾಗಿ ಪ್ರೋಗ್ರಾಂನ ಮೊದಲ ಆದೇಶವಾದ ಓಆರ್‌ಸಿ ಸರಿಯಾಗಿ ನಡೆದಂತೆ ಕಂಡು ಮೋಸ ಮಾಡುತ್ತದೆ. ಆದರೆ ಓಇಎನ್ 1011 ಉಲ್ಟಾ ಆದರೆ 1101, ಆರ್‌ಟಿಎನ್. ಪ್ರೋಗ್ರಾಂನಲ್ಲಿ ಆರ್‌ಟಿಎನ್ ಬರೆದೇ ಇಲ್ಲ, ಆದರೂ 11ನೇ ಪಿನ್ ಏಳುತ್ತಿದೆ ಎಂದರೆ ನಾಲ್ಕು ತಂತಿಗಳ ಕ್ರಮ ತಪ್ಪಿದೆ ಎಂದೇ ಅರ್ಥ.

ಎಲ್ಲ ಸರಿ, ಆದರೆ ಔಟ್‌ಪುಟ್ ಸತ್ತಿದೆ

ರೀಸೆಟ್ ಆದಾಗ ಆರ್‌ಆರ್ ಸೊನ್ನೆ, ಇನ್‌ಪುಟ್ ಬಾಗಿಲು (ಐಇಎನ್) ಮುಚ್ಚಿದೆ, ಔಟ್‌ಪುಟ್ ಬಾಗಿಲು (ಓಇಎನ್) ಮುಚ್ಚಿದೆ. ಐಇಎನ್ ಮುಚ್ಚಿರುವಾಗ ಲೆಕ್ಕಕ್ಕೆ ಬರುವ ಡೇಟಾ ಎಲ್ಲವೂ ಸೊನ್ನೆ ಎಂದೇ ಎಣಿಕೆ. ಓಇಎನ್ ಮುಚ್ಚಿರುವಾಗ 2ನೇ ಪಿನ್ನಿನ ರೈಟ್ ಸಂಕೇತ ಏಳುವುದಿಲ್ಲ. ಆದ್ದರಿಂದ ಪ್ರತಿ ಪ್ರೋಗ್ರಾಂ ಹೀಗೆ ಶುರುವಾಗಬೇಕು:

0110 0000, ಓಆರ್‌ಸಿ 0
1010 0000, ಐಇಎನ್ 0
1011 0000, ಓಇಎನ್ 0

ಮೊದಲನೆಯದು ಆರ್‌ಆರ್‌ಗೆ ಒಂದನ್ನು ತರುತ್ತದೆ. ಬಾಗಿಲು ಮುಚ್ಚಿದ್ದರೆ ಸೊನ್ನೆಯ ವಿಲೋಮ ಒಂದು. ತೆರೆದಿದ್ದರೆ ಆರ್‌ಆರ್ ಮತ್ತು ಅದರ ವಿಲೋಮ ಸೇರಿ ಒಂದು. ಹೇಗಿದ್ದರೂ ಒಂದೇ. ಮುಂದಿನ ಎರಡು, 0ನೇ ಇನ್‌ಪುಟ್ ಮೂಲಕ ಮರಳಿ ಬಂದ ಆರ್‌ಆರ್ ಓದಿ ಬಾಗಿಲು ತೆರೆಯುತ್ತವೆ. ಆರ್‌ಆರ್‌ನಿಂದ ಸೆಲೆಕ್ಟರ್‌ನ 1ನೇ ಪಿನ್ನಿಗೆ ಬರುವ ತಂತಿ ಕಡಿದಿದ್ದರೆ ಬೋರ್ಡು ಒಮ್ಮೆ ಎದ್ದು ಒಮ್ಮೆ ಏಳದೆ ಆಟವಾಡಿಸುತ್ತದೆ. ಆರ್‌ಆರ್ ಮೇಲಿದೆ, ಸ್ಟೋ ನಡೆಯುತ್ತಿದೆ, 2ನೇ ಪಿನ್ ಮಾತ್ರ ಅಲುಗದು ಎಂದರೆ ಕಣ್ಣು ಮುಚ್ಚಿಕೊಂಡು ಈ ತಂತಿ ನೋಡಬಹುದು.

ಇದೇ ಬಾಗಿಲುಗಳು ಪ್ರೋಗ್ರಾಂ ನಡುವೆಯೂ ಕೈಕೊಡುತ್ತವೆ. ‘ಹೀಗಿದ್ದರೆ ಮಾತ್ರ ಈ ಭಾಗ ಮಾಡು’ ಎನ್ನಲು ಓಇಎನ್ ಬಳಸಿ, ಆ ಭಾಗ ಮುಗಿದ ಮೇಲೆ ಮತ್ತೆ ತೆರೆಯಲು ಮರೆತರೆ ಅಲ್ಲಿಂದ ಕೆಳಗಿನ ಔಟ್‌ಪುಟ್‌ಗಳು ಹೆಪ್ಪುಗಟ್ಟುತ್ತವೆ. ಮೇಲಿನವು ಚೆನ್ನಾಗಿಯೇ ನಡೆಯುತ್ತಿರುತ್ತವೆ. ಹೆಪ್ಪುಗಟ್ಟಿದ ಮೊದಲ ಔಟ್‌ಪುಟ್ ಹಿಡಿದು ಹಿಂದಕ್ಕೆ ಹೋದರೆ ತಪ್ಪು ಸಿಗುತ್ತದೆ.

ಡೇಟಾ ತಂತಿಯ ಜಗಳ

ಓದುವಾಗ 3ನೇ ಪಿನ್ನನ್ನು ಹಿಡಿಯಬೇಕಾದವನು ಸೆಲೆಕ್ಟರ್. ಬರೆಯುವಾಗ ಪ್ರೊಸೆಸರ್. ಇಬ್ಬರೂ ಒಟ್ಟಿಗೆ ಹಿಡಿದರೆ ಜಗಳ, ಯಾರೂ ಹಿಡಿಯದಿದ್ದರೆ ತಂತಿ ತೇಲುತ್ತದೆ. ಕಂಡುಹಿಡಿಯಲು ಬೇಕಿರುವುದು ಒಂದು ಮಲ್ಟಿಮೀಟರ್ ಮತ್ತು ಒಂದು 10 ಕಿಲೋಓಮ್ ರೆಸಿಸ್ಟರ್. ಕ್ಲಾಕ್ ನಿಲ್ಲಿಸಿ, ರೆಸಿಸ್ಟರ್‌ನ ಒಂದು ಕಾಲು 3ನೇ ಪಿನ್ನಿಗೆ ಮುಟ್ಟಿಸಿ, ಇನ್ನೊಂದನ್ನು ಮೊದಲು ಸಪ್ಲೈಗೆ, ಆಮೇಲೆ ಗ್ರೌಂಡಿಗೆ ಹಿಡಿಯಿರಿ. ವೋಲ್ಟೇಜು ರೆಸಿಸ್ಟರ್ ಹೋದ ಕಡೆಗೆಲ್ಲ ಓಡಿದರೆ ತಂತಿ ತೇಲುತ್ತಿದೆ. ಎರಡೂ ಸಲ ಸ್ವಲ್ಪವೇ ಅಲುಗಿ 5ರ ಅಥವಾ 0ರ ಹತ್ತಿರ ನಿಂತರೆ ಯಾರೋ ಸರಿಯಾಗಿ ಹಿಡಿದಿದ್ದಾರೆ. ರೆಸಿಸ್ಟರ್ ಇಲ್ಲದೆಯೇ 1.5ರಿಂದ 3.5 ವೋಲ್ಟ್ ನಡುವೆ ನಿಂತು, ಮುಟ್ಟಿಸಿದರೂ ಹೆಚ್ಚು ಸರಿಯದಿದ್ದರೆ ಇಬ್ಬರು ಎಳೆದಾಡುತ್ತಿದ್ದಾರೆ.

ಎಳೆದಾಟದ ಕಾರಣ ಬಹುಪಾಲು ಒಂದೇ. ಎಂಸಿ14512ರಲ್ಲಿ 10ನೇ ಪಿನ್ ಇನ್ಹಿಬಿಟ್, 15ನೇ ಪಿನ್ ಡಿಸೇಬಲ್. ಇನ್ಹಿಬಿಟ್ ಮೇಲೆದ್ದರೆ ಔಟ್‌ಪುಟ್ ಗಟ್ಟಿಯಾಗಿ ಸೊನ್ನೆಗೆ ಕೂರುತ್ತದೆ, ತಂತಿ ಬಿಡುವುದಿಲ್ಲ. ಡಿಸೇಬಲ್ ಮೇಲೆದ್ದರೆ ಮಾತ್ರ ತಂತಿಯಿಂದ ಕೈ ತೆಗೆಯುತ್ತದೆ. ಪ್ರೊಸೆಸರ್‌ನ ರೈಟ್ ಸಂಕೇತ 15ಕ್ಕೆ ಬರಬೇಕು, 10 ಗ್ರೌಂಡಿಗೆ. ಅದಲು ಬದಲಾದರೆ ರೋಗಲಕ್ಷಣ ಸ್ಪಷ್ಟ: ಸೊನ್ನೆ ಬರೆದರೆ ಸರಿಯಾಗಿ ಬರೆಯುತ್ತದೆ, ಒಂದು ಬರೆದರೆ ನಿಲ್ಲುವುದಿಲ್ಲ, ಮತ್ತು ಚಿಪ್ ಬೆಚ್ಚಗಾಗುತ್ತದೆ. ರೈಟ್ ತಂತಿಯೇ ಸೆಲೆಕ್ಟರ್‌ಗೆ ತಲುಪದಿದ್ದರೆ, ಆಯ್ಕೆಯಾದ ಇನ್‌ಪುಟ್ ಏನಿದೆಯೋ ಅದರ ವಿರುದ್ಧದ್ದನ್ನು ಬರೆಯುವಾಗ ಮಾತ್ರ ತಪ್ಪುತ್ತದೆ. ‘3ನೇ ಗುಂಡಿ ಒತ್ತಿದರೆ 3ನೇ ದೀಪ ತಾನಾಗಿ ಹತ್ತುತ್ತದೆ’ ಎನ್ನುವ ವಿಚಿತ್ರದ ಮೂಲ ಇದು.

ಪಕ್ಕದ ಔಟ್‌ಪುಟ್ ಕೆಟ್ಟರೆ ಲ್ಯಾಚ್ ಕಡೆ ನೋಡಿ. ಸಿಡಿ4099ರ 4ನೇ ಪಿನ್ ಕೆಳಗಿರುವಷ್ಟು ಹೊತ್ತು ಲ್ಯಾಚ್ ಬಾಯಿ ತೆರೆದಿರುತ್ತದೆ. ಆ ಹೊತ್ತಿನಲ್ಲಿ ವಿಳಾಸ ಬದಲಾದರೆ ಡೇಟಾ ಪಕ್ಕದ ಮನೆಗೂ ಹೋಗುತ್ತದೆ. ವಿಳಾಸ ಬದಲಾಗುವುದು ಎಕ್ಸ್1 ಏರಿದ ಮೇಲೆ, ಹಾಗಾಗಿ ಅಷ್ಟರೊಳಗೆ ಬಾಯಿ ಮುಚ್ಚಿರಬೇಕು. ರೈಟ್ ಸಂಕೇತವನ್ನು ಬರೀ ಇನ್ವರ್ಟ್ ಮಾಡಿ ಕೊಡುವ ಬದಲು, ರೈಟ್ ಮತ್ತು ಎಕ್ಸ್1ರ ವಿಲೋಮ ಎರಡನ್ನೂ ಒಂದು ನ್ಯಾಂಡ್ ಗೇಟ್‌ಗೆ ಕೊಟ್ಟು ಅದರ ಔಟ್‌ಪುಟ್ಟನ್ನು 4ನೇ ಪಿನ್ನಿಗೆ ಹಾಕಿ.

ಮೋಟಾರು ಗುಂಡಿ ಬಿಟ್ಟ ಕೂಡಲೇ ನಿಲ್ಲುತ್ತದೆ

ಸ್ಟಾರ್ಟ್ ಗುಂಡಿ ಒತ್ತಿ ಬಿಟ್ಟರೂ ಮೋಟಾರು ಓಡುತ್ತಿರಬೇಕು, ಅದಕ್ಕೆ ಬರೆಯುವುದು ಹೀಗೆ: ಎಲ್‌ಡಿ ಸ್ಟಾರ್ಟ್, ಓಆರ್ ಮೋಟಾರು, ಆಂಡ್ ಸ್ಟಾಪ್, ಸ್ಟೋ ಮೋಟಾರು. ಸ್ಟಾಪ್ ಸದಾ ಮುಚ್ಚಿರುವ ಗುಂಡಿ, ತಂತಿ ಕಡಿದರೂ ಮೋಟಾರು ನಿಲ್ಲಲಿ ಎಂದು. ಪ್ರೋಗ್ರಾಂನಲ್ಲಿ ತಪ್ಪಿಲ್ಲ, ಆದರೂ ಹಿಡಿತ ನಿಲ್ಲದು. ಕಾರಣ, 2ನೇ ವಿಳಾಸಕ್ಕೆ ಬರೆದರೆ ಅದು 2ನೇ ಔಟ್‌ಪುಟ್. 2ನೇ ವಿಳಾಸದಿಂದ ಓದಿದರೆ ಅದು 2ನೇ ಇನ್‌ಪುಟ್. ಇವೆರಡೂ ಬೇರೆ ಬೇರೆ ಮನೆಗಳು. ಸಿಡಿ4099 ಬರೆಸಿಕೊಳ್ಳುತ್ತದೆ, ಓದಲು ಕೊಡುವುದಿಲ್ಲ. ಮೋಟಾರಿನ ಔಟ್‌ಪುಟ್‌ನಿಂದ ಒಂದು ತಂತಿ ಎಳೆದು ಖಾಲಿ ಇರುವ ಇನ್‌ಪುಟ್‌ಗೆ ಕಟ್ಟಿ, ಓಆರ್ ಆದೇಶದಲ್ಲಿ ಆ ವಿಳಾಸ ಬರೆಯಿರಿ. ಮೋಟರೋಲಾದ ಎಂಸಿ14599ಬಿ ಬಳಸಿದರೆ ಬರೆದದ್ದನ್ನು ಓದಲೂ ಬರುತ್ತದೆ.

ಪಿಎಲ್‌ಸಿ (ಕಾರ್ಖಾನೆಗಳ ಪ್ರೋಗ್ರಾಂ ಮಾಡಬಲ್ಲ ನಿಯಂತ್ರಕ) ಬಳಸಿ ರೂಢಿಯಾದವರಿಗೆ ಇನ್ನೊಂದು ಮಾತು. ಇಲ್ಲಿ ಇನ್‌ಪುಟ್‌ಗಳ ನಕಲು ತೆಗೆದಿಟ್ಟುಕೊಳ್ಳುವ ಏರ್ಪಾಡಿಲ್ಲ. ಸ್ಟೋ ಆದ ಕ್ಷಣ ಔಟ್‌ಪುಟ್ ಬದಲಾಗುತ್ತದೆ. ಒಂದೇ ಸುತ್ತಿನಲ್ಲಿ ಒಂದೇ ಔಟ್‌ಪುಟ್‌ಗೆ ಮೊದಲು ಒಂದು, ಆಮೇಲೆ ಸೊನ್ನೆ ಬರೆದರೆ ಎಲ್‌ಇಡಿ ಅರೆಬರೆ ಉರಿಯುತ್ತದೆ, ರಿಲೇ ಗುಂಯ್ ಎನ್ನುತ್ತದೆ. ಹಾಗೆಯೇ ಒಂದೇ ಇನ್‌ಪುಟ್ಟನ್ನು ಎರಡು ಕಡೆ ಓದಿದರೆ ನಡುವೆ ಅದು ಬದಲಾಗಿರಬಹುದು. ಮುಂದಕ್ಕೆ-ಹಿಂದಕ್ಕೆ ತಿರುಗುವ ಮೋಟಾರಿನ ಎರಡು ಕಾಂಟ್ಯಾಕ್ಟರ್‌ಗಳಿಗೆ ಪ್ರೋಗ್ರಾಂ ಒಂದನ್ನೇ ನಂಬಬೇಡಿ, ತಂತಿಯ ಇಂಟರ್‌ಲಾಕ್ ಇರಲೇಬೇಕು.

ಎಕ್ಸ್‌ಓಆರ್ ಆದೇಶ ಇಲ್ಲ, ಎಕ್ಸ್‌ನಾರ್ ಮಾತ್ರ ಇದೆ. ಬೇಕಾದರೆ ಎಕ್ಸ್‌ನಾರ್ ಮಾಡಿ ಸ್ಟೋಸಿಯಿಂದ ಬರೆಯಿರಿ.

ಜಂಪ್ ಮಾಡಿದರೆ ಎಲ್ಲಿಗೋ ಹೋಗುತ್ತದೆ

ಜಂಪ್ ಆದೇಶ ಸಿಕ್ಕಾಗ ಪ್ರೊಸೆಸರ್ ಮಾಡುವುದು ಇಷ್ಟೇ: 12ನೇ ಪಿನ್ನನ್ನು ಒಂದು ಪೂರ್ಣ ಕ್ಲಾಕ್ ಎತ್ತಿ ಹಿಡಿಯುತ್ತದೆ. ನೆಗೆಯಬೇಕಾದ್ದು ಕೌಂಟರ್. ಈ ಪಿನ್ನನ್ನು ಸಿಡಿ4516ರ ಪ್ರಿಸೆಟ್‌ಗೆ ಕಟ್ಟಿ, ಗುರಿಯ ವಿಳಾಸವನ್ನು ಮೆಮೊರಿಯಿಂದಲೇ ನೇರವಾಗಿ ಕೊಟ್ಟರೆ ಪಜೀತಿ ಶುರು. ಆ ಪ್ರಿಸೆಟ್ ಕ್ಲಾಕ್‌ಗೆ ಕಾಯುವುದಿಲ್ಲ. ಹೊಸ ವಿಳಾಸ ಕೂತ ಕೂಡಲೇ ಮೆಮೊರಿ ಹೊಸ ಬೈಟ್ ಹೊರಹಾಕುತ್ತದೆ, 12ನೇ ಪಿನ್ ಇನ್ನೂ ಮೇಲಿದೆ, ಹಾಗಾಗಿ ಆ ಬೈಟಿನ ವಿಳಾಸವೂ ಕೌಂಟರ್‌ಗೆ ನುಗ್ಗುತ್ತದೆ. ಹೀಗೆ ಸರಪಳಿಯಾಗಿ ಎಲ್ಲೋ ಹೋಗಿ ನಿಲ್ಲುತ್ತದೆ. ಒತ್ತುಗುಂಡಿ ಕ್ಲಾಕ್‌ನಲ್ಲೂ ಹೀಗೇ ಆಗುವುದರಿಂದ ಇದನ್ನು ವೇಗದ ದೋಷ ಎಂದು ತಿಳಿಯಬೇಡಿ. 74ಎಚ್‌ಸಿ161 ಕೌಂಟರ್ ಹಾಕಿ, ಜಂಪ್ ಸಂಕೇತವನ್ನು ಇನ್ವರ್ಟ್ ಮಾಡಿ ಅದರ ಲೋಡ್ ಪಿನ್ನಿಗೆ ಕೊಟ್ಟರೆ, ಎಕ್ಸ್1 ಏರುವಾಗ ಒಂದೇ ಸಲ ವಿಳಾಸ ಕೂರುತ್ತದೆ. ಸುತ್ತು ಮುಗಿಸಿ ಸೊನ್ನೆಗೆ ಬರುವುದಷ್ಟೇ ಬೇಕಿದ್ದರೆ, ಜಂಪ್ ಮತ್ತು ರೀಸೆಟ್ ಎರಡನ್ನೂ ಓಆರ್ ಗೇಟ್‌ನಲ್ಲಿ ಸೇರಿಸಿ ಸಿಡಿ4516ರ 9ನೇ ಪಿನ್ನಿಗೆ ಕೊಡಿ. ಸೊನ್ನೆ ಎಷ್ಟು ಸಲ ಬರೆದರೂ ಸೊನ್ನೆಯೇ, ಅಲ್ಲಿ ಸರಪಳಿಯಿಲ್ಲ.

ವೇಗದಲ್ಲಿ ಮಾತ್ರ ಕೆಡುವುದು

ಚಿಪ್ 1 ಮೆಗಾಹರ್ಟ್ಸ್ ಎಂದರೆ ಬೋರ್ಡು 1 ಮೆಗಾಹರ್ಟ್ಸ್ ಅಲ್ಲ. ಆ ವೇಗದಲ್ಲಿ ಅರ್ಧ ಕ್ಲಾಕ್ 500 ನ್ಯಾನೋಸೆಕೆಂಡ್. ಅಷ್ಟರೊಳಗೆ ಕೌಂಟರ್ ಹೊಸ ವಿಳಾಸ ಕೊಟ್ಟು, ಮೆಮೊರಿ ಹೊಸ ಆದೇಶ ಹೊರಹಾಕಿರಬೇಕು. 5 ವೋಲ್ಟ್‌ನಲ್ಲಿ ಸಿಡಿ4516 ಸಾಮಾನ್ಯವಾಗಿ 200, ಕೆಟ್ಟ ಪಕ್ಷ 400 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಹಳೆಯ 2716 ಇಪ್ರಾಮ್ ಹಾಕಿದ್ದರೆ ಅದಕ್ಕೆ 450. ಕೂಡಿಸಿದರೆ 850, ಸಾಲದು. 250 ಕಿಲೋಹರ್ಟ್ಸ್‌ಗೆ ಇಳಿಸಿ, ಅರ್ಧ ಕ್ಲಾಕ್ 2000 ನ್ಯಾನೋಸೆಕೆಂಡ್ ಸಿಗುತ್ತದೆ. 256 ಆದೇಶಗಳ ಇಡೀ ಸುತ್ತು ಆಗಲೂ 1.024 ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತದೆ. ರಿಲೇ ಎಳೆಯಲು ಅದಕ್ಕಿಂತ ಎಷ್ಟೋ ಪಟ್ಟು ಹೊತ್ತು ಬೇಕು, ಅವಸರ ಯಾರಿಗೆ?

ಮೆಮೊರಿಯ ಔಟ್‌ಪುಟ್ ಮಟ್ಟವನ್ನೂ ನೋಡಿ. ಡೇಟಾಶೀಟ್ ಭರವಸೆ ಕೊಡುವುದು 2.4 ವೋಲ್ಟ್‌ಗೆ ಮಾತ್ರ. 4000 ಸರಣಿಯ ಚಿಪ್ 5 ವೋಲ್ಟ್‌ನಲ್ಲಿ ಒಂದನ್ನು ಒಂದೆಂದು ಒಪ್ಪಲು 3.5 ಬೇಕು. ಸೆಲೆಕ್ಟರ್‌ಗೂ ಲ್ಯಾಚ್‌ಗೂ ಹೋಗುವ ಮೂರು ವಿಳಾಸ ತಂತಿಗಳಿಗೆ 10 ಕಿಲೋಓಮ್ ಪುಲ್-ಅಪ್ ಹಾಕಿ. ಬೆಳಿಗ್ಗೆ ಸರಿ, ಬಿಸಿಯಾದ ಮೇಲೆ ಕೆಡುವ ಬೋರ್ಡುಗಳಲ್ಲಿ ಇದನ್ನು ಮೊದಲು ಪರೀಕ್ಷಿಸಬೇಕು.

230 ವೋಲ್ಟ್ ಎಸಿ ಇನ್‌ಪುಟ್ಟನ್ನು ಬ್ರಿಡ್ಜ್ ಮತ್ತು ಆಪ್ಟೋಕಪ್ಲರ್ ಮೂಲಕ ತಂದಿದ್ದರೆ, 50 ಹರ್ಟ್ಸ್‌ನಲ್ಲಿ ಪ್ರತಿ 10 ಮಿಲಿಸೆಕೆಂಡ್‌ಗೊಮ್ಮೆ ಅದು ಸೊನ್ನೆ ಮುಟ್ಟಿ ಬರುತ್ತದೆ. ಒಂದು ಮಿಲಿಸೆಕೆಂಡ್‌ಗೊಮ್ಮೆ ಇಣುಕುವ ಪ್ರೊಸೆಸರ್ ಆ ಸೊನ್ನೆಯನ್ನೂ ಕಾಣುತ್ತದೆ. ಸ್ಟಾಪ್ ಇನ್‌ಪುಟ್‌ನಲ್ಲಿ ಹೀಗಾದರೆ ಮೋಟಾರು ಹಿಡಿಯುವುದೇ ಇಲ್ಲ. ಹಲವು ಹತ್ತು ಮಿಲಿಸೆಕೆಂಡ್‌ಗಳ ಆರ್‌ಸಿ ಫಿಲ್ಟರ್, ಅದರ ಹಿಂದೆ ಷ್ಮಿಟ್ ಗೇಟ್ ಹಾಕಿ.

ರಿಲೇ ಬಿಡುವಾಗ ಪ್ರೋಗ್ರಾಂ ದಾರಿ ತಪ್ಪಿದರೆ ಯುಎಲ್‌ಎನ್2003ಎಯ 9ನೇ ಪಿನ್ ರಿಲೇ ಸಪ್ಲೈಗೆ ಸೇರಿದೆಯೇ ನೋಡಿ. ಒಳಗಿನ ಡಯೋಡ್‌ಗಳಿಗೆ ಅದೇ ದಾರಿ. ಸೂಚಕ ಎಲ್‌ಇಡಿಯನ್ನು ಲ್ಯಾಚ್‌ನ ಔಟ್‌ಪುಟ್‌ಗೇ ಕಟ್ಟಿದರೆ, ಕೊಡುವ ಒಂದೆರಡು ಮಿಲಿಆಂಪ್‌ ಅದೇ ನುಂಗಿ ರಿಲೇ ಎಳೆಯದಂತಾಗುತ್ತದೆ. ಎಲ್‌ಇಡಿ ರಿಲೇ ಕಡೆಗಿರಲಿ.

ಕೊನೆಗೂ ಚಿಪ್ ಮೇಲೆ ಅನುಮಾನವಿದ್ದರೆ

ಪ್ರೊಸೆಸರನ್ನು ಬೋರ್ಡಿನಿಂದ ಕಿತ್ತು ಬ್ರೆಡ್‌ಬೋರ್ಡಿನಲ್ಲಿ ಕೂರಿಸಿ. ಆದೇಶದ ನಾಲ್ಕು ಪಿನ್‌ಗಳಿಗೆ ಡಿಪ್ ಸ್ವಿಚ್, ತಲಾ 10 ಕಿಲೋಓಮ್ ಪುಲ್-ಅಪ್. 3ನೇ ಪಿನ್ನಿಗೆ ಡೇಟಾವನ್ನು 10 ಕಿಲೋಓಮ್ ಮೂಲಕವೇ ಕೊಡಿ, ನೇರವಾಗಿ ಬೇಡ. ಸ್ಟೋ ಬಂದಾಗ ಚಿಪ್ ಅದೇ ಪಿನ್ನಿನಿಂದ ಹೊರಕ್ಕೆ ತಳ್ಳುತ್ತದೆ.

ರೀಸೆಟ್ ಎತ್ತಿ ಇಳಿಸಿ: 15ನೇ ಪಿನ್ ಕೆಳಗೆ. ಡೇಟಾ ಒಂದು ಇಟ್ಟು ಎಲ್‌ಡಿ ಕೊಡಿ: 15 ಕೆಳಗೇ ಇರಬೇಕು, ಏಕೆಂದರೆ ಬಾಗಿಲು ಮುಚ್ಚಿದೆ. ಓಆರ್‌ಸಿ: ಏಳಬೇಕು. ಡೇಟಾ ಒಂದು ಇಟ್ಟು ಐಇಎನ್. ಈಗ ಡೇಟಾ ಸೊನ್ನೆ, ಎಲ್‌ಡಿ: ಇಳಿಯಬೇಕು. ಡೇಟಾ ಸೊನ್ನೆಯೇ ಇರಲಿ, ಎಕ್ಸ್‌ನಾರ್: ಸೊನ್ನೆಗೆ ಸೊನ್ನೆ ಸಮ, ಏಳಬೇಕು. ಈಗ ಸ್ಟೋ: ಓಇಎನ್ ತೆರೆದಿಲ್ಲ, 2ನೇ ಪಿನ್ ಅಲುಗಬಾರದು. ಡೇಟಾ ಒಂದು ಇಟ್ಟು ಓಇಎನ್. ಡೇಟಾ ರೆಸಿಸ್ಟರನ್ನು ಗ್ರೌಂಡಿಗೆ ಹಾಕಿ ಸ್ಟೋ: ಎಕ್ಸ್1 ಇಳಿದಿರುವಾಗ 2ನೇ ಪಿನ್ ಏಳಬೇಕು, 3ನೇ ಪಿನ್ ರೆಸಿಸ್ಟರನ್ನು ಮೀರಿ 5 ವೋಲ್ಟ್ ಹತ್ತಿರ ಹೋಗಬೇಕು. ರೆಸಿಸ್ಟರನ್ನು ಸಪ್ಲೈಗೆ ತಿರುಗಿಸಿ ಸ್ಟೋಸಿ: 3ನೇ ಪಿನ್ ನೆಲ ಕಚ್ಚಬೇಕು. ಡೇಟಾ ಸೊನ್ನೆ ಇಟ್ಟು ಎಲ್‌ಡಿ, ಆಮೇಲೆ ಎಸ್‌ಕೆಜೆಡ್, ಆಮೇಲೆ ಓಆರ್‌ಸಿ: ಈ ಓಆರ್‌ಸಿ ಲೆಕ್ಕಕ್ಕಿಲ್ಲ, 15 ಕೆಳಗೇ. ಇನ್ನೊಂದು ಓಆರ್‌ಸಿಗೆ ಏಳಬೇಕು. ಕೊನೆಗೆ ಜಂಪ್‌ಗೆ 12, ಆರ್‌ಟಿಎನ್‌ಗೆ 11, ನಾಪ್‌ಓಗೆ 10, ನಾಪ್‌ಎಫ್‌ಗೆ 9. ಆರ್‌ಟಿಎನ್ ಕೂಡ ಮುಂದಿನ ಆದೇಶವನ್ನು ಹಾರಿಸುತ್ತದೆ, ಆದ್ದರಿಂದ ಅದರ ಬೆನ್ನಿಗೆ ನಾಪ್‌ಓವನ್ನು ಎರಡು ಸಲ ಕೊಟ್ಟು ಎರಡನೆಯ ಸಲಕ್ಕೆ 10ನೇ ಪಿನ್ ನೋಡಿ.

ಇಷ್ಟೂ ಸರಿ ಬಂದರೆ ಚಿಪ್ಪನ್ನು ಜೋಪಾನವಾಗಿ ಮರಳಿ ಸಾಕೆಟ್‌ಗೆ ಹಾಕಿ, ಮಲ್ಟಿಮೀಟರನ್ನು ಮತ್ತೆ ಡೇಟಾ ತಂತಿಯ ಕಡೆಗೆ ತಿರುಗಿಸಿ.